ಬಾಲ್ ರಿಂಗಿಗೂ ಬೋರ್ಡಿಗೂ ನಡುವೆ ಸಿಕ್ಕಿಕೊಂಡರೆ ಯಾರಿಗೆ ಕೊಡೋದು?

ಊರಿನ ಬ್ಯಾಸ್ಕೆಟ್‌ಬಾಲ್ ಟೂರ್ನಮೆಂಟಿನಲ್ಲಿ ವಿಸಿಲ್ ಹಿಡಿದು ನಿಲ್ಲುವವರಿಗೆ, ಟೇಬಲ್‌ನಲ್ಲಿ ಕೂತು ಸ್ಕೋರ್‌ಶೀಟ್ ಬರೆಯುವವರಿಗೆ, ಪ್ರತಿ ವಿಸಿಲ್‌ಗೂ ‘ಏನ್ ಸಾರ್ ಇದು’ ಅಂತ ಓಡಿ ಬರುವ ಕ್ಯಾಪ್ಟನ್‌ಗಳಿಗೆ ಇದು. ಫೌಲ್, ಸ್ಟೆಪ್ಸ್, ಡಬಲ್ ಡ್ರಿಬಲ್ ಎಲ್ಲ ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತು. ತಲೆ ಕೆಡೋದು ಅಪರೂಪಕ್ಕೆ ಆಗುವ ಘಟನೆಗಳಲ್ಲಿ. ಬಾಲ್ ಮರದ ಕೊಂಬೆಗೆ ತಾಗಿ ಬ್ಯಾಸ್ಕೆಟ್ ಒಳಗೆ ಬೀಳುತ್ತದೆ, ರೆಫರಿ ಬೆನ್ನಿಗೆ ಬಡಿಯುತ್ತದೆ, ಗಾಬರಿಯಲ್ಲಿ ಒಬ್ಬ ತನ್ನದೇ ಬ್ಯಾಸ್ಕೆಟ್‌ಗೆ ಹಾಕಿಬಿಡುತ್ತಾನೆ. ಆಗ ಅಂಗಳದಲ್ಲಿ ಇರುವ ಎಲ್ಲರೂ ರೂಲ್ ಪಂಡಿತರೇ.

ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ನಾವು ಇಲ್ಲಿ ಆಡೋದು ಫಿಬಾ, ಅಂದರೆ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆಯ ರೂಲ್ಸ್. 2019ರಲ್ಲಿ ಬೆಂಗಳೂರಿನ ಕಂಠೀರವದಲ್ಲಿ ನಡೆದ ಮಹಿಳಾ ಏಷ್ಯಾ ಕಪ್ ಆಗಲಿ, ನಿಮ್ಮ ಕಾಲೇಜಿನ ಇಂಟರ್‌ಕ್ಲಾಸ್ ಆಗಲಿ, ಪುಸ್ತಕ ಒಂದೇ. ಆದರೆ ಹುಡುಗರು ಫೋನಿನಲ್ಲಿ ನೋಡೋದು ಅಮೆರಿಕದ ಎನ್‌ಬಿಎ ಲೀಗ್. ಅಂಗಳದ ಅರ್ಧ ಜಗಳ ಹುಟ್ಟೋದು ಇಲ್ಲಿಂದಲೇ. ಅಲ್ಲಿ ಆರು ಫೌಲ್, ಇಲ್ಲಿ ಐದು. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ವ್ಯತ್ಯಾಸಗಳು ಇನ್ನೂ ಬೇಕಾದಷ್ಟಿವೆ, ಮುಂದೆ ಬರುತ್ತವೆ.

ವಿಚಿತ್ರವಾದದ್ದು ಏನಾದರೂ ಆದಾಗ ‘ಯಾರ ತಪ್ಪು, ಯಾರಿಗೆ ಅನ್ಯಾಯ’ ಅಂತ ಯೋಚನೆ ಶುರು ಮಾಡಬೇಡಿ. ಅದು ಮುಗಿಯೋದಿಲ್ಲ. ಮೂರೇ ಪ್ರಶ್ನೆ ಕೇಳಿಕೊಳ್ಳಿ. ಆ ಕ್ಷಣದಲ್ಲಿ ಬಾಲ್ ಲೈವ್ (ಆಟದಲ್ಲಿ) ಇತ್ತಾ ಡೆಡ್ (ಆಟ ನಿಂತು) ಆಗಿತ್ತಾ? ಬಾಲ್ ಯಾವ ಟೀಮಿನ ಕಂಟ್ರೋಲ್‌ನಲ್ಲಿತ್ತು? ಕೊನೆಗೆ ಅದು ಏನನ್ನು ಮುಟ್ಟಿತು, ಎಲ್ಲಿ ಮುಟ್ಟಿತು? ಬಹುತೇಕ ತೀರ್ಪುಗಳು ಈ ಮೂರರಲ್ಲೇ ಸಿಗುತ್ತವೆ. ಸಿಗದೇ ಹೋದರೆ, ಪುಸ್ತಕದಲ್ಲಿ ಇಲ್ಲದ ವಿಷಯಕ್ಕೆ ತೀರ್ಮಾನ ಕೊಡುವ ಅಧಿಕಾರ ಮುಖ್ಯ ರೆಫರಿಗೆ ಇದೆ ಅಂತ ಪುಸ್ತಕವೇ ಹೇಳುತ್ತದೆ.

ಸಿಕ್ಕಿಕೊಂಡ ಬಾಲ್

ಶಾಟ್ ಹೊಡೆದಾಗ ಬಾಲ್ ಹೋಗಿ ರಿಂಗಿಗೂ ಬೋರ್ಡಿಗೂ ನಡುವೆ ಕೂತುಬಿಡುತ್ತದೆ. ಹಳೇ ರಿಂಗ್ ಸ್ವಲ್ಪ ಬಗ್ಗಿದ್ದರಂತೂ ಇದು ಜಾಸ್ತಿ. ತಕ್ಷಣ ನಾಲ್ಕು ಜನ ಎಗರಿ ಎಗರಿ ಬೀಳಿಸೋಕೆ ನೋಡುತ್ತಾರೆ, ಯಾರೋ ಇನ್ನೊಂದು ಬಾಲ್ ಎಸೆಯುತ್ತಾರೆ, ವಾಚ್‌ಮನ್ ಕಡ್ಡಿಪೊರಕೆ ಕಟ್ಟಿದ ಕೋಲು ತರುತ್ತಾನೆ. ಅದಕ್ಕೂ ಮೊದಲು ನೀವು ವಿಸಿಲ್ ಊದಿರಬೇಕು. ಇದು ಜಂಪ್ ಬಾಲ್ ಸಂದರ್ಭ. ಅಂದರೆ ಬಾಲ್ ಮೇಲೆಸೆದು ಇಬ್ಬರಿಂದ ನಿಜವಾಗಿ ಜಂಪ್ ಹಾಕಿಸೋದಲ್ಲ, ಟೇಬಲ್ ಮೇಲೆ ಸರದಿ ತೋರಿಸುವ ಆರೋ ಯಾವ ಕಡೆ ಇದೆಯೋ ಆ ಟೀಮಿಗೆ ಥ್ರೋ-ಇನ್ (ಲೈನಿನ ಹೊರಗಿಂದ ಬಾಲ್ ಒಳಗೆ ಎಸೆಯೋದು). ಶಾಟ್ ಹೊಡೆದ ಟೀಮಿಗೇ ಆರೋ ಇದ್ದರೆ ಶಾಟ್ ಕ್ಲಾಕ್‌ನಲ್ಲಿ (ಶಾಟ್ ಹೊಡೆಯೋಕೆ ಉಳಿದ ಟೈಮ್ ತೋರಿಸುವ ಗಡಿಯಾರ) 14 ಸೆಕೆಂಡ್ ಕೊಡಿ. ಎದುರು ಟೀಮಿಗೆ ಹೋದರೆ ಪೂರ್ತಿ 24.

ಒಂದು ವಿನಾಯಿತಿ ಇದೆ. ಎರಡು ಫ್ರೀ ಥ್ರೋ ಇದ್ದು ಮೊದಲನೆಯದು ಸಿಕ್ಕಿಕೊಂಡರೆ ಆರೋ ನೋಡಬೇಡಿ. ಅದು ಮಿಸ್ ಅಷ್ಟೇ. ಬಾಲ್ ಇಳಿಸಿ ಎರಡನೆಯದನ್ನು ಹೊಡೆಸಿ.

ಆರೋ ವಿಷಯ ಬಂತಲ್ಲ, ಇಲ್ಲೇ ಹೇಳಿಬಿಡುತ್ತೇನೆ. ಎಷ್ಟೋ ಕಡೆ ಟೇಬಲ್‌ನಲ್ಲಿ ಆರೋ ಇರೋದೇ ಇಲ್ಲ. ಒಂದು ರಟ್ಟಿನ ತುಂಡಿನ ಮೇಲೆ ದಪ್ಪ ಸ್ಕೆಚ್ ಪೆನ್‌ನಲ್ಲಿ ಬಾಣ ಬರೆದು ಇಟ್ಟರೂ ಸಾಕು, ಬಾಯಿಲೆಕ್ಕ ಮಾತ್ರ ಬೇಡ. ಪಂದ್ಯದ ಮೊದಲ ಜಂಪ್‌ನಲ್ಲಿ ಯಾವ ಟೀಮಿಗೆ ಬಾಲ್ ಸಿಗಲಿಲ್ಲವೋ ಅವರ ಕಡೆಗೆ ಮೊದಲ ಆರೋ. ಥ್ರೋ-ಇನ್ ಮಾಡಿದ ಬಾಲ್ ಒಳಗಿನ ಆಟಗಾರನಿಗೆ ತಾಗಿದ ಮೇಲೆ ಆರೋ ತಿರುಗಿಸಿ, ರೆಫರಿ ಬಾಲ್ ಕೈಗೆ ಕೊಟ್ಟ ಕೂಡಲೇ ಅಲ್ಲ. ಈ ವ್ಯತ್ಯಾಸ ಯಾಕೆ ಬೇಕು ಅಂದರೆ, ಥ್ರೋ-ಇನ್ ಮಾಡುವವನು ಐದು ಸೆಕೆಂಡ್ ಮೀರಿದರೆ ಅವನ ಟೀಮ್ ಆ ಸರದಿ ಕಳೆದುಕೊಳ್ಳುತ್ತದೆ, ಆದರೆ ಅಷ್ಟರಲ್ಲಿ ಯಾವುದೇ ಟೀಮ್ ಫೌಲ್ ಮಾಡಿದರೆ ಸರದಿ ಹೋಗೋದಿಲ್ಲ, ಆರೋ ಹಾಗೇ ಉಳಿಯುತ್ತದೆ. ಹಾಫ್ ಟೈಮ್‌ನಲ್ಲಿ ಟೀಮ್‌ಗಳು ಬ್ಯಾಸ್ಕೆಟ್ ಬದಲಿಸುವಾಗ ರಟ್ಟನ್ನೂ ತಿರುಗಿಸಿ ಇಡಿ. ಮೂರನೇ ಕ್ವಾರ್ಟರ್ ಶುರುವಿನ ಗಲಾಟೆಗೆ ಮುಖ್ಯ ಕಾರಣ ಇದನ್ನು ಮರೆಯೋದೇ.

ರಿಂಗಿನ ಮೇಲೆ ಉರುಳಾಡುವ ಬಾಲ್

ಶಾಟ್ ರಿಂಗಿಗೆ ಬಡಿದು ಮೇಲೆ ಉರುಳುತ್ತಿದೆ. ಡಿಫೆಂಡರ್ ಎಗರಿ ಅದನ್ನು ಆಚೆ ತಳ್ಳುತ್ತಾನೆ. ‘ಗೋಲ್‌ಟೆಂಡಿಂಗ್’ (ಬ್ಯಾಸ್ಕೆಟ್‌ಗೆ ಹೋಗುವ ಬಾಲನ್ನು ರೂಲ್ ಮೀರಿ ತಡೆಯೋದು) ಅಂತ ಇಡೀ ಬೆಂಚ್ ಕಿರುಚುತ್ತದೆ. ಎನ್‌ಬಿಎ ಆಗಿದ್ದರೆ ಅವರು ಹೇಳೋದು ಸರಿ. ಫಿಬಾದಲ್ಲಿ ಬಾಲ್ ಒಮ್ಮೆ ರಿಂಗ್ ಮುಟ್ಟಿದ ಮೇಲೆ ಅದನ್ನು ತಳ್ಳಬಹುದು, ಅಟ್ಯಾಕ್ ಮಾಡುವವನು ಒಳಗೆ ಹಾಕಲೂಬಹುದು. ಆಟ ಮುಂದುವರಿಸಿ. ಆದರೆ ಬಾಲ್ ರಿಂಗಿನ ಮೇಲೆ ಇರುವಾಗ ರಿಂಗನ್ನೋ ಬೋರ್ಡನ್ನೋ ಮುಟ್ಟಿದರೆ, ಅಥವಾ ಬಲೆಯ ಕೆಳಗಿಂದ ಕೈ ತೂರಿಸಿ ಬಾಲ್ ಮುಟ್ಟಿದರೆ, ಅದು ವಯಲೇಷನ್, ಅಂದರೆ ಫೌಲ್ ಅಲ್ಲದ ರೂಲ್ ಉಲ್ಲಂಘನೆ.

ಇಲ್ಲೂ ಒಂದು ಒಳಸುಳಿ ಇದೆ. ಬಾಲ್ ಗಾಳಿಯಲ್ಲಿ ಇರುವಾಗ ಕ್ವಾರ್ಟರ್ ಮುಗಿದ ಬಸರ್ ಹೊಡೆಯಿತು ಅಂತ ಇಟ್ಟುಕೊಳ್ಳಿ. ಬಾಲ್ ರಿಂಗಿಗೆ ತಾಗಿ ಇನ್ನೂ ಒಳಗೆ ಬೀಳುವ ಸಾಧ್ಯತೆ ಇದೆ. ಈಗ ಯಾರೂ ಅದನ್ನು ಮುಟ್ಟುವಂತಿಲ್ಲ. ಡಿಫೆಂಡರ್ ಮುಟ್ಟಿದರೆ ಪಾಯಿಂಟ್ ಕೊಟ್ಟುಬಿಡಬೇಕು. ಒಂದು ಸೆಕೆಂಡ್ ಮೊದಲು ಸರಿಯಾಗಿದ್ದ ಆಟ ಬಸರ್ ಆದ ಮೇಲೆ ತಪ್ಪು. ಇದನ್ನು ಅಂಗಳದಲ್ಲಿ ವಿವರಿಸಿ ಒಪ್ಪಿಸೋದು ಕಷ್ಟ. ಹಾಗಾಗಿ ಟೂರ್ನಮೆಂಟ್ ಶುರುವಾಗುವ ಮುಂಚೆ ಕ್ಯಾಪ್ಟನ್‌ಗಳ ಮೀಟಿಂಗ್‌ನಲ್ಲೇ ಹೇಳಿ.

ತನ್ನದೇ ಬ್ಯಾಸ್ಕೆಟ್‌ಗೆ ಹಾಕಿಕೊಂಡರೆ

ರಿಬೌಂಡ್ ಗುದ್ದಾಟದಲ್ಲಿ ಡಿಫೆಂಡರ್‌ನ ಕೈ ತಾಗಿ ಬಾಲ್ ತನ್ನದೇ ಬ್ಯಾಸ್ಕೆಟ್ ಒಳಗೆ ಹೋಗುತ್ತದೆ. ಎರಡು ಪಾಯಿಂಟ್ ಎದುರು ಟೀಮಿಗೆ. ಸ್ಕೋರ್‌ಶೀಟ್‌ನಲ್ಲಿ ಯಾರ ಹೆಸರಿಗೆ? ಎದುರು ಟೀಮಿನ ಕೋರ್ಟಿನಲ್ಲಿರುವ ಕ್ಯಾಪ್ಟನ್ ಹೆಸರಿಗೆ. ಹತ್ತಿರ ನಿಂತಿದ್ದವನಿಗೆ ಕೊಡೋದು ಗಲ್ಲಿ ಪದ್ಧತಿ, ಪುಸ್ತಕದ್ದಲ್ಲ.

ಬೇಕಂತಲೇ ಹಾಕಿದರೆ? ಆಗ ಪಾಯಿಂಟೇ ಇಲ್ಲ, ವಯಲೇಷನ್. ಬಾಲ್ ಎದುರು ಟೀಮಿಗೆ, ಫ್ರೀ ಥ್ರೋ ಲೈನಿನ ನೇರಕ್ಕೆ ಸೈಡ್‌ಲೈನ್‌ನಿಂದ. ಯಾವನು ಬೇಕಂತ ತನ್ನ ಬ್ಯಾಸ್ಕೆಟ್‌ಗೆ ಹಾಕಿಕೊಳ್ಳುತ್ತಾನೆ ಅಂತ ನಗಬೇಡಿ. 1962ರ ಜನವರಿಯಲ್ಲಿ ಯುರೋಪಿಯನ್ ಚಾಂಪಿಯನ್ಸ್ ಕಪ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಇದನ್ನೇ ಮಾಡಿತು. ಇಟಲಿಯ ವರೇಸೆಯಲ್ಲಿ ಪಂದ್ಯ. ಕೊನೆಯ ಕ್ಷಣದಲ್ಲಿ ಸ್ಕೋರ್ 80-80. ಎರಡು ಪಂದ್ಯಗಳ ಒಟ್ಟು ಅಂತರದ ಮೇಲೆ ಮುಂದಿನ ಸುತ್ತು. ಎಕ್ಸ್‌ಟ್ರಾ ಟೈಮ್‌ಗೆ ಹೋದರೆ ಹೊರಗಿನ ಅಂಗಳದಲ್ಲಿ ಜಾಸ್ತಿ ಅಂತರದಲ್ಲಿ ಸೋಲುವ ಭಯ. ಕೋಚ್ ಪೆದ್ರೊ ಫೆರಾಂದಿಸ್ ಲೆಕ್ಕ ಹಾಕಿದರು. ಅವರ ಆಟಗಾರ ಲೊರೆಂಜೊ ಅಲೊಸೆನ್ ಬಾಲನ್ನು ತಮ್ಮದೇ ಬ್ಯಾಸ್ಕೆಟ್‌ಗೆ ಹಾಕಿದ. 82-80ಕ್ಕೆ ಸೋತು, ಮನೆಯಂಗಳದಲ್ಲಿ ಸುಲಭವಾಗಿ ಗೆದ್ದು ಮುಂದೆ ಹೋದರು. ಆಮೇಲೆ ಫಿಬಾ ಆ ಬಾಗಿಲು ಮುಚ್ಚಿತು. ಕಿಲಾಡಿತನ ಅಂತ ನನಗೂ ಮೆಚ್ಚುಗೆಯೇ, ಆದರೆ ಲೀಗ್ ಪಂದ್ಯಗಳಲ್ಲಿ ಪಾಯಿಂಟ್ ಅಂತರ ಲೆಕ್ಕ ಹಾಕುವ ನಮ್ಮ ಟೂರ್ನಮೆಂಟ್‌ಗಳಲ್ಲಿ ಈ ರೂಲ್ ಇಲ್ಲದಿದ್ದರೆ ಏನೇನು ನಡೆಯುತ್ತಿತ್ತೋ ಊಹಿಸಿ.

ಬೇಕಂತಲೋ ಗೊತ್ತಿಲ್ಲದೆಯೋ ಅಂತ ಹೇಗೆ ನಿರ್ಧರಿಸೋದು? ಸುತ್ತ ಎದುರಾಳಿಗಳಿದ್ದು ಕೈಗಳ ನಡುವೆ ನಡೆದಿದ್ದರೆ ಗೊತ್ತಿಲ್ಲದೇ ಆದದ್ದು ಅಂತಲೇ ತಗೊಳ್ಳಿ. ಒಬ್ಬನೇ ನಿಂತು ಸ್ಕೋರ್‌ಬೋರ್ಡ್ ನೋಡಿ ಹಾಕಿದರೆ ಯಾರಿಗೂ ಅನುಮಾನ ಇರೋದಿಲ್ಲ.

ಇದಕ್ಕೆ ಹತ್ತಿರದ ಇನ್ನೊಂದು ಗೊಂದಲ: ಹಾಫ್ ಟೈಮ್ ಆದ ಮೇಲೆ ಎರಡೂ ಟೀಮ್ ತಪ್ಪು ದಿಕ್ಕಿಗೆ ಆಡೋಕೆ ಶುರು ಮಾಡಿ ನಾಲ್ಕು ಪಾಯಿಂಟ್ ಆದ ಮೇಲೆ ಯಾರಿಗೋ ಹೊಳೆಯುತ್ತದೆ. ನಗು ಬಂದರೂ ತಡೆದುಕೊಂಡು ಆಟ ನಿಲ್ಲಿಸಿ, ಯಾರಿಗೂ ನಷ್ಟ ಆಗದಂತೆ ದಿಕ್ಕು ಸರಿ ಮಾಡಿ. ಅಲ್ಲಿಯವರೆಗೆ ಆದ ಪಾಯಿಂಟ್, ಫೌಲ್, ಟೈಮ್ ಎಲ್ಲ ಹಾಗೇ ಉಳಿಯುತ್ತದೆ. ಮೊದಲಿಂದ ಆಡಿಸೋದು ಬೇಡ.

ಕೊಂಬೆ, ವೈರು, ನಾಯಿ, ರೆಫರಿ

ನಮ್ಮ ಕಡೆ ಹೆಚ್ಚಿನ ಕೋರ್ಟ್‌ಗಳು ಬಯಲಿನಲ್ಲಿವೆ. ಮೇಲೆ ಮಳೆಮರದ ಕೊಂಬೆ, ಲೈಟಿನ ವೈರು. ಕೋರ್ಟಿನ ಮೇಲಿರುವ ಯಾವುದೇ ವಸ್ತುವಿಗೆ ಬಾಲ್ ತಾಗಿದರೆ ಔಟ್. ಕೊನೆಗೆ ಮುಟ್ಟಿದ ಟೀಮಿನ ಎದುರಾಳಿಗೆ ಥ್ರೋ-ಇನ್. ಕೊಂಬೆಗೆ ತಾಗಿದ ಮೇಲೆ ಬ್ಯಾಸ್ಕೆಟ್ ಒಳಗೆ ಎಷ್ಟೇ ಚೆಂದವಾಗಿ ಬಿದ್ದರೂ ಲೆಕ್ಕಕ್ಕಿಲ್ಲ, ಯಾಕಂದರೆ ಔಟ್ ಆದ ಬಾಲ್ ಅದು.

ಬೋರ್ಡಿನ ವಿಷಯಕ್ಕೆ ಬಂದರೆ, ಹಿಂಭಾಗ ಮತ್ತು ಕಂಬ ಔಟ್. ಮುಂಭಾಗ, ಅಂಚುಗಳು ಆಟದ ಭಾಗ. ಬಾಲ್ ಬೋರ್ಡಿನ ಮೇಲಿನಿಂದ ಹಾರಿ ಬಂದರೆ ಫಿಬಾದಲ್ಲಿ ತೊಂದರೆ ಇಲ್ಲ. ಎನ್‌ಬಿಎದಲ್ಲಿ ಅದು ಔಟ್.

ನಾಯಿ ಒಳಗೆ ಓಡಿ ಬಂತು ಅಥವಾ ಪಕ್ಕದ ಕೋರ್ಟಿನ ಬಾಲ್ ಉರುಳಿ ಬಂತು. ಇದು ಎರಡೂ ಟೀಮಿಗೆ ಸಂಬಂಧ ಇಲ್ಲದ ಕಾರಣ. ಫಾಸ್ಟ್ ಬ್ರೇಕ್ ನಡೆಯುತ್ತಿದ್ದು ಅಪಾಯ ಇಲ್ಲದಿದ್ದರೆ ಅದು ಮುಗಿಯೋವರೆಗೆ ಕಾಯಿರಿ, ಅಪಾಯ ಇದ್ದರೆ ತಕ್ಷಣ ನಿಲ್ಲಿಸಿ. ಕಂಟ್ರೋಲ್ ಇದ್ದ ಟೀಮಿಗೇ ಬಾಲ್ ವಾಪಸ್. ಶಾಟ್ ಕ್ಲಾಕ್ ಇದ್ದರೆ: ಬ್ಯಾಕ್‌ಕೋರ್ಟ್‌ನಲ್ಲಿ (ಆ ಟೀಮ್ ಕಾಯುವ ಅರ್ಧ) ಥ್ರೋ-ಇನ್ ಆದರೆ ಹೊಸದಾಗಿ 24, ಫ್ರಂಟ್‌ಕೋರ್ಟ್ (ಎದುರಾಳಿ ಕಾಯುವ ಅರ್ಧ) ಆದರೆ 14 ಅಥವಾ ಜಾಸ್ತಿ ಉಳಿದಿದ್ದರೆ ಅಲ್ಲಿಂದಲೇ ಮುಂದುವರಿಸಿ, 13 ಅಥವಾ ಕಡಿಮೆ ಇದ್ದರೆ 14 ಮಾಡಿ. ಆದರೆ ಎದುರು ಟೀಮ್ ಚೆನ್ನಾಗಿ ಡಿಫೆಂಡ್ ಮಾಡಿ ಎರಡೇ ಸೆಕೆಂಡ್ ಉಳಿಸಿದ್ದಾಗ ನಾಯಿ ಬಂತು ಅಂದರೆ ಹೊಸ ಟೈಮ್ ಕೊಡೋದು ಅವರಿಗೆ ನಷ್ಟ ಅಂತ ನಿಮಗೆ ಅನಿಸಿದರೆ, ಶಾಟ್ ಕ್ಲಾಕನ್ನು ನಿಂತಲ್ಲಿಂದಲೇ ಓಡಿಸಬಹುದು. ಆ ಅವಕಾಶ ರೂಲ್‌ನಲ್ಲೇ ಇದೆ.

ಇನ್ನು ರೆಫರಿಗೆ ಬಾಲ್ ಬಡಿದರೆ. ನೀವು ಕೋರ್ಟಿನ ಒಂದು ತುಂಡು ನೆಲ ಅಂತ ತಿಳಿಯಿರಿ. ನೀವು ನಿಂತ ಜಾಗದ ನೆಲಕ್ಕೆ ಬಾಲ್ ಬಡಿದರೆ ಏನಾಗುತ್ತಿತ್ತೋ ಅದೇ. ಒಳಗೆ ನಿಂತಿದ್ದರೆ ಆಟ ನಡೆಯುತ್ತದೆ. ಸೈಡ್‌ಲೈನ್ ಮೇಲೆ ಕಾಲಿಟ್ಟು ನಿಂತಿದ್ದರೆ ಔಟ್. ಫ್ರಂಟ್‌ಕೋರ್ಟ್‌ನಲ್ಲಿ ಬಾಲ್ ಇದ್ದ ಟೀಮ್ ಪಾಸ್ ಕೊಟ್ಟು, ಅದು ಬ್ಯಾಕ್‌ಕೋರ್ಟ್‌ನಲ್ಲಿ ನಿಂತ ರೆಫರಿಗೆ ತಾಗಿ, ಅದೇ ಟೀಮಿನವನು ಮೊದಲು ಹಿಡಿದರೆ ಬ್ಯಾಕ್‌ಕೋರ್ಟ್ ವಯಲೇಷನ್. ಹುಡುಗರು ‘ನೀವು ಅಡ್ಡ ಬಂದಿದ್ದಕ್ಕೆ ಹೀಗಾಯ್ತು ಸಾರ್’ ಅಂತ ಅಂದೇ ಅನ್ನುತ್ತಾರೆ. ಅನ್ನಲಿ ಬಿಡಿ.

ನೆಲಕ್ಕೆ ಬಿದ್ದವನು

ಬಾಲ್ ಹಿಡಿದು ಬಿದ್ದು ಜಾರಿದರೆ ಸ್ಟೆಪ್ಸ್ (ಬಾಲ್ ಹಿಡಿದು ರೂಲ್ ಮೀರಿ ಹೆಜ್ಜೆ ಇಡುವ ತಪ್ಪು) ಅಲ್ಲ. ಕೂತೋ ಮಲಗಿಯೋ ಇರುವಾಗ ಬಾಲ್ ಹಿಡಿದರೂ ತಪ್ಪಿಲ್ಲ. ಆಮೇಲೆ ಬಾಲ್ ಹಿಡಿದುಕೊಂಡೇ ಉರುಳಿದರೆ ಅಥವಾ ಏಳೋಕೆ ಹೋದರೆ ಆಗ ಸ್ಟೆಪ್ಸ್. ಮಲಗಿದಲ್ಲಿಂದಲೇ ಪಾಸ್ ಕೊಡಬೇಕು ಅಥವಾ ಡ್ರಿಬಲ್ ಶುರು ಮಾಡಿ ಏಳಬೇಕು.

ಕಾಲಿಗೆ ಬಾಲ್ ತಾಗಿದ್ದೆಲ್ಲ ಕಿಕ್ ಅಲ್ಲ. ಬೇಕಂತ ಕಾಲು ಚಾಚಿದ್ದರೆ ಮಾತ್ರ.

ರಕ್ತ ಬಂದರೆ ಆಟಗಾರ ಹೊರಗೆ ಹೋಗಲೇಬೇಕು, ಮಂಡಿ ತರಚಿದ್ದು ಅಂತ ಬಿಡಬೇಡಿ.

ಥ್ರೋ-ಇನ್ ನೇರ ಒಳಗೆ ಬಿದ್ದರೆ, ಪಾಸ್ ನೇರ ಒಳಗೆ ಬಿದ್ದರೆ

ಥ್ರೋ-ಇನ್ ಯಾರಿಗೂ ತಾಗದೆ ನೇರವಾಗಿ ಬ್ಯಾಸ್ಕೆಟ್‌ಗೆ ಹೋದರೆ ಪಾಯಿಂಟ್ ಇಲ್ಲ, ವಯಲೇಷನ್. ಆದರೆ ಕೋರ್ಟಿನ ಒಳಗಿರುವವನು ಮೂರು ಪಾಯಿಂಟ್ ಲೈನಿನ ಹೊರಗಿಂದ ಗೆಳೆಯನಿಗೆ ಎತ್ತಿ ಹಾಕಿದ ಪಾಸ್ ನೇರ ಒಳಗೆ ಬಿದ್ದರೆ ಅದು ಮೂರು ಪಾಯಿಂಟ್. ‘ನಾನು ಶಾಟ್ ಹೊಡೆದಿದ್ದಲ್ಲ’ ಅಂತ ಅವನೇ ಒಪ್ಪಿಕೊಂಡರೂ ಮೂರೇ. ರೂಲ್ ನೋಡೋದು ಬಾಲ್ ಎಲ್ಲಿಂದ ಕೈಬಿಟ್ಟಿತು ಅಂತ, ಮನಸ್ಸಿನಲ್ಲಿ ಏನಿತ್ತು ಅಂತಲ್ಲ.

ಉಳಿದ 0.2 ಸೆಕೆಂಡ್

ಕ್ಲಾಕ್‌ನಲ್ಲಿ 0.3 ಅಥವಾ ಜಾಸ್ತಿ ಇದ್ದರೆ ಥ್ರೋ-ಇನ್ ಹಿಡಿದು ಶಾಟ್ ಹೊಡೆಯಬಹುದು. 0.2 ಅಥವಾ 0.1 ಇದ್ದರೆ ಹಿಡಿಯುವ ಹಾಗಿಲ್ಲ, ಗಾಳಿಯಲ್ಲೇ ತಟ್ಟಿ ಹಾಕಬೇಕು ಅಥವಾ ನೇರ ಡಂಕ್. ಇದರ ಹಿಂದೆ ಒಂದು ಕಥೆ ಇದೆ. 1990ರ ಜನವರಿ 15ರಂದು ನ್ಯೂಯಾರ್ಕ್‌ನಲ್ಲಿ ನಿಕ್ಸ್ ಮತ್ತು ಶಿಕಾಗೊ ಬುಲ್ಸ್ 106-106ರಲ್ಲಿ ಸಮ ಇದ್ದಾಗ ಉಳಿದಿದ್ದು 0.1 ಸೆಕೆಂಡ್. ಟ್ರೆಂಟ್ ಟಕರ್ ಬಾಲ್ ಹಿಡಿದು, ತಿರುಗಿ, ಗುರಿ ಇಟ್ಟು ಮೂರು ಪಾಯಿಂಟ್ ಹೊಡೆದ. ಲೆಕ್ಕಕ್ಕೂ ಬಂತು. ಮನುಷ್ಯ ಅಷ್ಟೊತ್ತಿನಲ್ಲಿ ಅಷ್ಟೆಲ್ಲ ಮಾಡೋಕೆ ಆಗೋದೇ ಇಲ್ಲ ಅಂತ ಆಮೇಲೆ ಎನ್‌ಬಿಎ ರೂಲ್ ತಂದಿತು, ಅದು ಇವತ್ತಿಗೂ ಟಕರ್ ಹೆಸರಲ್ಲೇ ಓಡಾಡುತ್ತದೆ. ಫಿಬಾದಲ್ಲೂ ಗಡಿ ಅದೇ 0.3.

ನಿಮ್ಮಲ್ಲಿ ಕ್ಲಾಕ್ ಅಂದರೆ ಯಾರದೋ ಫೋನಿನ ಸ್ಟಾಪ್‌ವಾಚ್ ಆಗಿದ್ದರೆ ಒಂದು ಮಾತು. ಕೊನೆಯ ನಿಮಿಷದಲ್ಲಿ ಪ್ರತಿ ಡೆಡ್ ಬಾಲ್‌ಗೂ ಉಳಿದ ಟೈಮನ್ನು ಎರಡೂ ಬೆಂಚ್‌ಗೆ ಕೇಳುವಂತೆ ಕೂಗಿ ಹೇಳಿಸಿ. ಕ್ಲಾಕ್ ತಪ್ಪಿದಾಗ ಅದನ್ನು ಸರಿ ಮಾಡಬೇಕಾದವರು ಮುಖ್ಯ ರೆಫರಿ, ಬೇರೆ ಯಾರೂ ಅಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಕೊನೆಯ ಮೂರು ಸೆಕೆಂಡನ್ನು ಮೂರು ಸಲ ಆಡಿಸಿದರು, ಅದೂ ಪ್ರೇಕ್ಷಕರ ಸೀಟಿನಿಂದ ಇಳಿದು ಬಂದ ಫಿಬಾ ಕಾರ್ಯದರ್ಶಿ ವಿಲಿಯಂ ಜೋನ್ಸ್ ಹೇಳಿದ ಮೇಲೆ. ಮೂರನೇ ಸಲ ಎದೆಷ್ಕೊ ಕೋರ್ಟಿನ ಆ ತುದಿಯಿಂದ ಎಸೆದ ಬಾಲನ್ನು ಬೆಲೋವ್ ಹಾಕಿದ, ಸೋವಿಯತ್ 51, ಅಮೆರಿಕ 50. ಅಮೆರಿಕದವರು ಬೆಳ್ಳಿ ಪದಕ ತಗೊಳ್ಳಲೇ ಇಲ್ಲ.

ಶಾಟ್ ಕ್ಲಾಕ್ ತಪ್ಪಾಗಿ ಕಿರುಚಿದರೆ ಗಾಬರಿ ಬೇಡ. ಬಾಲ್ ಕಂಟ್ರೋಲ್‌ನಲ್ಲಿದ್ದರೆ ಅದನ್ನು ಕೇಳಿಸಿಕೊಳ್ಳದ ಹಾಗೆ ಆಟ ಮುಂದುವರಿಸಿ. ಬಾಲ್ ಇದ್ದವನು ಶಬ್ದಕ್ಕೆ ನಿಂತೇ ಬಿಟ್ಟು ನಷ್ಟವಾಯಿತು ಅನಿಸಿದರೆ ನಿಲ್ಲಿಸಿ, ಟೈಮ್ ಸರಿ ಮಾಡಿ, ಅವನ ಟೀಮಿಗೇ ಬಾಲ್ ಕೊಡಿ.

ಆಟಗಾರರು ಮುಗಿದು ಹೋದರೆ

ಪಂದ್ಯ ಶುರು ಮಾಡೋಕೆ ಐದು ಜನ ಬೇಕು. ನಿಗದಿ ಟೈಮ್ ಆಗಿ 15 ನಿಮಿಷ ಕಳೆದರೂ ಐದು ಜನ ಇಲ್ಲ ಅಂದರೆ ಎದುರು ಟೀಮಿಗೆ 20-0. ‘ಬಸ್ ಹಾಸನ ದಾಟಿದೆ ಸಾರ್’ ಅನ್ನೋ ಫೋನ್ ಕರೆಗೆ ಎಷ್ಟು ಕಾಯಬೇಕು ಅನ್ನೋದಕ್ಕೆ ಉತ್ತರ ಇದು. ಜಾಸ್ತಿ ಕಾಯಲೇಬೇಕು ಅಂತ ಆಯೋಜಕರಿಗೆ ಅನಿಸಿದರೆ ಎದುರು ಟೀಮನ್ನು ಕೇಳಿ, ಬರೆದು ಸಹಿ ಹಾಕಿಸಿ.

ಶುರುವಾದ ಮೇಲೆ ಫೌಲ್ ಔಟ್, ಪೆಟ್ಟು ಅಂತ ಕಡಿಮೆಯಾಗುತ್ತಾ ಹೋದರೆ ನಾಲ್ಕು ಜನ, ಮೂರು ಜನ, ಎರಡು ಜನ ಇದ್ದರೂ ಆಡಬಹುದು. ಎರಡಕ್ಕಿಂತ ಕಡಿಮೆ ಆದರೆ ಮಾತ್ರ ಸೋಲು. ಆಗ ಎದುರು ಟೀಮ್ ಮುಂದಿದ್ದರೆ ಇದ್ದ ಸ್ಕೋರೇ ಉಳಿಯುತ್ತದೆ, ಇಲ್ಲದಿದ್ದರೆ 2-0 ಅಂತ ಬರೆಯಬೇಕು. ಮೂರು ಜನ ಆಡೋದು ಸುಮ್ನೆ ಹೆಸರಿಗೆ ಅಂದುಕೊಳ್ಳಬೇಡಿ. 2017ರ ನವೆಂಬರ್‌ನಲ್ಲಿ ಅಮೆರಿಕದ ಕಾಲೇಜು ಪಂದ್ಯದಲ್ಲಿ ಅಲಬಾಮಾ ತಂಡದ ಬೆಂಚ್ ಪೂರ್ತಿ ಜಗಳಕ್ಕೆ ಎದ್ದು ಕೋರ್ಟಿಗೆ ಬಂದು ಹೊರಗೆ ಹೋಯಿತು, ಒಬ್ಬ ಫೌಲ್ ಔಟ್ ಆದ, ಒಬ್ಬನಿಗೆ ಪೆಟ್ಟಾಯಿತು. ಮಿನೆಸೋಟ ವಿರುದ್ಧ ಕೊನೆಯ ಹತ್ತು ನಿಮಿಷ ಮೂರೇ ಜನ ಆಡಿ ಸೋತಿದ್ದು 89-84ಕ್ಕೆ. ಕಾಲಿನ್ ಸೆಕ್ಸ್‌ಟನ್ ಒಬ್ಬನೇ 40 ಪಾಯಿಂಟ್ ಹೊಡೆದ.

ಎನ್‌ಬಿಎ ರೂಲ್ ಇಲ್ಲಿ ಬೇರೆ. ಅಲ್ಲಿ ಐದು ಜನ ಇರಲೇಬೇಕು, ಬದಲಿ ಯಾರೂ ಇಲ್ಲದಿದ್ದರೆ ಆರು ಫೌಲ್ ಆದವನೂ ಉಳಿಯುತ್ತಾನೆ, ಟೀಮಿಗೆ ಟೆಕ್ನಿಕಲ್ ಫೌಲ್ (ಮೈ ತಾಗಿಸದೆ ಆದ ತಪ್ಪಿಗೆ ಕೊಡುವ ಫೌಲ್) ಬೀಳುತ್ತದೆ. 2014ರ ಫೆಬ್ರವರಿಯಲ್ಲಿ ಲೇಕರ್ಸ್‌ನ ರಾಬರ್ಟ್ ಸಾಕ್ರೆ ಹಾಗೆ ಉಳಿದಿದ್ದ. ಅದನ್ನು ನೋಡಿದವನು ನಿಮ್ಮ ಹತ್ತಿರ ಬಂದು ‘ಇವನೂ ಉಳೀಬಹುದು ಅಲ್ವಾ’ ಅಂದರೆ, ಉಳಿಯೋಕಾಗಲ್ಲ ಅಂತ ಹೇಳಿ ಕಳಿಸಿ.

ಉಲ್ಟಾ ಸಮಸ್ಯೆ, ಆರು ಜನ ಒಳಗೆ. ಗೊತ್ತಾದ ಕೂಡಲೇ, ಎದುರು ಟೀಮಿಗೆ ನಷ್ಟ ಆಗದ ಹಾಗೆ ನೋಡಿಕೊಂಡು ನಿಲ್ಲಿಸಿ, ಹೆಚ್ಚಿನವನನ್ನು ಕಳಿಸಿ, ಟೆಕ್ನಿಕಲ್ ಫೌಲ್ ಕೋಚ್ ಹೆಸರಿಗೆ. ಒಂದು ಫ್ರೀ ಥ್ರೋ.

ಟೇಬಲ್ಲಿನ ತಪ್ಪುಗಳು

ಒಬ್ಬನಿಗೆ ಐದು ಫೌಲ್ ಆಗಿದ್ದರೂ ಟೇಬಲ್ ಹೇಳಲಿಲ್ಲ, ಅವನು ಆಡುತ್ತಲೇ ಇದ್ದ, ಎರಡು ಬ್ಯಾಸ್ಕೆಟ್ ಹಾಕಿದ. ಗೊತ್ತಾದ ತಕ್ಷಣ ಹೊರಗೆ ಕಳಿಸಿ. ಹಾಕಿದ ಬ್ಯಾಸ್ಕೆಟ್ ಉಳಿಯುತ್ತದೆ, ದಂಡ ಇಲ್ಲ. ಅವನಿಗೆ ಯಾರೂ ಹೇಳಿರಲಿಲ್ಲವಲ್ಲ.

ಫ್ರೀ ಥ್ರೋ ವಿಷಯದಲ್ಲಿ ತಪ್ಪಾದರೆ, ಅಂದರೆ ಕೊಡಬೇಕಾದ್ದನ್ನು ಕೊಡಲಿಲ್ಲ, ಕೊಡಬಾರದ್ದನ್ನು ಕೊಟ್ಟಿರಿ, ಇಲ್ಲವೇ ಬೇರೆಯವನು ಹೊಡೆದ, ಸರಿ ಮಾಡೋಕೆ ಒಂದು ಗಡುವು ಇದೆ. ತಪ್ಪಾದ ಮೇಲೆ ಕ್ಲಾಕ್ ಓಡಿ, ಮೊದಲ ಡೆಡ್ ಬಾಲ್ ಆಗಿ, ಬಾಲ್ ಮತ್ತೆ ಲೈವ್ ಆಗುವ ಮೊದಲು ಹಿಡಿಯಬೇಕು. ಅದು ದಾಟಿದರೆ ತಪ್ಪು ಹಾಗೇ ಉಳಿಯುತ್ತದೆ, ಕೋಚ್ ಎಷ್ಟು ಕೂಗಿದರೂ.

ಪಾಯಿಂಟ್ ಎಣಿಕೆಯಲ್ಲಿನ ತಪ್ಪಿಗೆ ಈ ಗಡುವು ಇಲ್ಲ. ಮುಖ್ಯ ರೆಫರಿ ಸ್ಕೋರ್‌ಶೀಟ್‌ಗೆ ಸಹಿ ಹಾಕುವವರೆಗೂ ಸರಿ ಮಾಡಬಹುದು. ಹಾಗಾಗಿ ಪಂದ್ಯ ಮುಗಿದ ಕೂಡಲೇ ಗೆದ್ದವರ ಜೊತೆ ಫೋಟೊಗೆ ನಿಲ್ಲೋ ಮೊದಲು ಟೇಬಲ್ ಹತ್ತಿರ ಹೋಗಿ, ಎರಡೂ ಕಾಲಮ್ ಒಂದೊಂದಾಗಿ ಕೂಡಿ ನೋಡಿ, ಸ್ಕೋರ್‌ಬೋರ್ಡ್‌ನಲ್ಲಿ ಬೇರೆ ಇದ್ದರೆ ಎಲ್ಲಿ ತಪ್ಪಿದೆ ಅಂತ ಸ್ಕೋರರ್ ಜೊತೆ ಕೂತು ಹುಡುಕಿ, ಆಮೇಲೆ ಪೆನ್ ತೆಗೆಯಿರಿ.